ತಂದೆಯ ಮನೆ, ತಾತನ ತೋಟ: ಮಾರುವ ಮೊದಲು ಯಾರ ಯಾರ ಸಹಿ ಬೇಕು?

ತೆಂಗಿನ ತೋಟ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 2019ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅವರು 1984ರಲ್ಲಿ ತಮ್ಮ ಸಂಬಳದ ಹಣದಿಂದ ತಿಪಟೂರಿನಲ್ಲಿ ನಿವೇಶನ ಕೊಂಡು ಕಟ್ಟಿಸಿದ ಒಂದು ಮನೆಯಿದೆ. ಅಲ್ಲದೆ, ಪಟ್ಟಣದಿಂದ ಸಾಕಷ್ಟು ದೂರದ ಹಳ್ಳಿಯಲ್ಲಿ ತಾತನ ಕಾಲದಿಂದ ಬಂದ ಮೂರು ಎಕರೆ ಹತ್ತು ಗುಂಟೆ ತೆಂಗಿನ ತೋಟವಿದೆ. ನಾವು ನಾಲ್ವರು ಮಕ್ಕಳು. ಊರಿನಲ್ಲಿದ್ದು ತೋಟ ನೋಡಿಕೊಳ್ಳುತ್ತಿದ್ದ ಅಣ್ಣ 2021ರಲ್ಲಿ ತೀರಿಹೋದರು. ಅತ್ತಿಗೆ, ಅವರ ಹತ್ತೊಂಬತ್ತು ವರ್ಷದ ಮಗಳು ಮತ್ತು ಹದಿನಾಲ್ಕು ವರ್ಷದ ಮಗ ನಮ್ಮ ತಾಯಿಯೊಂದಿಗೆ ಅದೇ ಮನೆಯಲ್ಲಿದ್ದಾರೆ. ಅಕ್ಕನ ಮದುವೆ 1991ರಲ್ಲಿ ಆಯಿತು, ದಾವಣಗೆರೆಯಲ್ಲಿದ್ದಾರೆ. ತಂಗಿ ಅಮೆರಿಕದ ಪೌರತ್ವ ಪಡೆದಿದ್ದಾಳೆ. ನಾನು ಬೆಂಗಳೂರಿನಲ್ಲಿದ್ದೇನೆ.

ಮನೆ ಈಗ ವ್ಯಾಪಾರದ ಬೀದಿಗೆ ಸೇರಿಬಿಟ್ಟಿರುವುದರಿಂದ ಒಳ್ಳೆಯ ಬೆಲೆಗೆ ಕೊಳ್ಳುವವರೊಬ್ಬರು ಬಂದಿದ್ದಾರೆ. ತೋಟವನ್ನೂ ಕೊಟ್ಟರೆ ತೆಗೆದುಕೊಳ್ಳುವುದಾಗಿ ಹೇಳುತ್ತಿದ್ದಾರೆ. ಖಾತೆಯೂ ಪಹಣಿಯೂ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇವೆ. ಅಕ್ಕನ ಮದುವೆಯನ್ನು ಸಾಲ ಮಾಡಿ ಚೆನ್ನಾಗಿಯೇ ಮಾಡಿಕೊಟ್ಟಿದ್ದೇವೆ, 2005ಕ್ಕಿಂತ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ, ಸಹಿಯನ್ನಷ್ಟೇ ಹಾಕಿಸಿಕೊಂಡರೆ ಸಾಕು ಎಂದು ನಮ್ಮ ಚಿಕ್ಕಪ್ಪನವರು ಹೇಳುತ್ತಾರೆ. ಇದು ಸರಿಯೇ? ಮುಂಗಡ ಪಡೆಯುವ ಮೊದಲು ಏನೇನು ಆಗಬೇಕು? ತಿಳಿದವರು ದಯವಿಟ್ಟು ಹೇಳಿ.

ಮೈಸೂರಿನ ವಕೀಲೆ

ತಮ್ಮ ಚಿಕ್ಕಪ್ಪನವರು ಹೇಳಿದ್ದು ತಪ್ಪು. ಈ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ದಾವೆಗಳು ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ ಮನೆಯನ್ನೂ ತೋಟವನ್ನೂ ಬೇರೆ ಬೇರೆಯಾಗಿ ನೋಡಿ. ಮನೆ ತಮ್ಮ ತಂದೆಯವರ ಸ್ವಯಾರ್ಜಿತ ಆಸ್ತಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿಯ ಮಾತೇ ಅದಕ್ಕೆ ಬೇಕಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಆ ದಿನದಿಂದಲೂ ಇದೆ. ಆಕೆಯ ಮದುವೆ ಯಾವ ವರ್ಷ ಆಯಿತು, ಯಾರು ಎಷ್ಟು ಖರ್ಚು ಮಾಡಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ 2019ರಲ್ಲಿ ಆ ಮನೆ ತಾಯಿ ಮತ್ತು ನಾಲ್ವರು ಮಕ್ಕಳಿಗೆ ಐದರಲ್ಲಿ ಒಂದೊಂದು ಪಾಲಾಗಿ ಬಂದಿದೆ. 2021ರಲ್ಲಿ ತಮ್ಮ ಅಣ್ಣನವರೂ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಐದನೇ ಒಂದು ಪಾಲು ಅವರ ಪತ್ನಿ, ಮಗಳು, ಮಗ ಮತ್ತು ತಾಯಿ, ಈ ನಾಲ್ವರಿಗೆ ಸಮನಾಗಿ ಹೋಗುತ್ತದೆ. ಮಗನ ಆಸ್ತಿಯಲ್ಲಿ ತಾಯಿಯೂ ಮೊದಲ ವರ್ಗದ ವಾರಸುದಾರಳು ಎಂಬುದನ್ನು ಬಹಳ ಮಂದಿ ಮರೆತುಬಿಡುತ್ತಾರೆ. ಒಟ್ಟು ಲೆಕ್ಕ ಹಾಕಿದರೆ ಮನೆಯ ಇಪ್ಪತ್ತು ಪಾಲಿನಲ್ಲಿ ತಾಯಿಗೆ ಐದು, ಅತ್ತಿಗೆಗೆ ಒಂದು, ಅಣ್ಣನ ಮಕ್ಕಳಿಗೆ ಒಂದೊಂದು, ತಮಗೆ, ಅಕ್ಕನಿಗೆ ಮತ್ತು ತಂಗಿಗೆ ತಲಾ ನಾಲ್ಕು.

ತೋಟದ ವಿಷಯ ಇಷ್ಟು ಸರಳವಲ್ಲ. ತಾತನಿಗೆ ಅದು ಹೇಗೆ ಬಂತು, ತಾತ ಯಾವಾಗ ತೀರಿಕೊಂಡರು, ತಂದೆಯವರಿಗೆ ವಿಭಾಗದಲ್ಲಿ ಬಂತೋ ವಾರಸಿನಿಂದ ಬಂತೋ ಎಂಬುದನ್ನು ಹಳೆಯ ಪತ್ರಗಳಿಂದ ಖಚಿತಪಡಿಸಿಕೊಳ್ಳಬೇಕು. ತಾತ ಸ್ವಂತವಾಗಿ ಸಂಪಾದಿಸಿದ ಜಮೀನಾಗಿದ್ದು, ಅವರು 1956ರ ನಂತರ ತೀರಿಕೊಂಡು ಅದು ತಂದೆಯವರಿಗೆ ವಾರಸಿನಿಂದ ಬಂದಿದ್ದರೆ, ಅದು ತಂದೆಯವರ ಕೈಯಲ್ಲಿ ಪ್ರತ್ಯೇಕ ಆಸ್ತಿಯೇ ಎಂದು ಸುಪ್ರೀಂ ಕೋರ್ಟ್ 1986ರಲ್ಲಿಯೇ ಹೇಳಿದೆ. ಆಗ ಮನೆಯ ಲೆಕ್ಕವೇ ತೋಟಕ್ಕೂ ಅನ್ವಯಿಸುತ್ತದೆ. ಅದಕ್ಕೂ ಹಿಂದಿನಿಂದ ಬಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತವಾಗಿದ್ದರೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ, ಅಣ್ಣನ ಮಕ್ಕಳಿಗೂ ಸೇರಿ; ಪಾಲಿನ ಲೆಕ್ಕವೂ ಬೇರೆಯಾಗುತ್ತದೆ.

ಕರ್ನಾಟಕದ 1994ರ ತಿದ್ದುಪಡಿ ಅದಕ್ಕಿಂತ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು ಎಂಬುದು ನಿಜ. ಚಿಕ್ಕಪ್ಪನವರ ಮನಸ್ಸಿನಲ್ಲಿ ಬಹುಶಃ ಅದೇ ಉಳಿದಿದೆ. ಆದರೆ 9 ಸೆಪ್ಟೆಂಬರ್ 2005ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಭೇದವಿಲ್ಲ, ಮತ್ತು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 11 ಆಗಸ್ಟ್ 2020ರಂದು ಸ್ಪಷ್ಟಪಡಿಸಿದೆ. 20 ಡಿಸೆಂಬರ್ 2004ಕ್ಕಿಂತ ಮೊದಲೇ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ವಿಭಾಗವಾಗಿದ್ದರೆ ಮಾತ್ರ ಅದನ್ನು ಮತ್ತೆ ತೆರೆಯಲಾಗದು. ತಮ್ಮಲ್ಲಿ ಅಂಥ ವಿಭಾಗ ಆದಂತೆ ಕಾಣುವುದಿಲ್ಲ.

ನಿವೃತ್ತ ಶಿರಸ್ತೇದಾರ

ವಕೀಲರು ಹಕ್ಕಿನ ಬಗ್ಗೆ ಬರೆದಿದ್ದಾರೆ. ನಾನು ದಾಖಲೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ತಂದೆಯ ಹೆಸರಿನಲ್ಲಿರುವ ಖಾತೆಯ ಮೇಲೆ ಮಕ್ಕಳು ಕ್ರಯಪತ್ರ ಬರೆದುಕೊಡಲು ಹೊರಟರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿಯೇ ನಿಂತುಹೋಗುತ್ತದೆ.

ತಂದೆಯವರ ಮತ್ತು ಅಣ್ಣನವರ ಮರಣ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಗ್ರಾಮ ಆಡಳಿತಾಧಿಕಾರಿ ಸ್ಥಳ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ನನ್ನ ಸೇವಾವಧಿಯಲ್ಲಿ ಅತಿ ಹೆಚ್ಚು ತಕರಾರು ಕಂಡದ್ದು ಇಲ್ಲಿಯೇ: ಪ್ರಮಾಣಪತ್ರದಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಬರೆದು, ಮದುವೆಯಾಗಿ ಹೋದವರನ್ನು ಕೈಬಿಡುವುದು. ಅದು ಮರೆವಲ್ಲ, ಸುಳ್ಳು ಪ್ರಮಾಣ. ಮುಂದೆ ಒಬ್ಬ ಹೆಣ್ಣುಮಗಳು ಪ್ರಶ್ನಿಸಿದರೆ ಅದರ ಮೇಲೆ ಕಟ್ಟಿದ ಖಾತೆ, ಕ್ರಯ ಎಲ್ಲವೂ ಅಲುಗಾಡುತ್ತವೆ. ವಿದೇಶದಲ್ಲಿರುವ ತಂಗಿ, ತೀರಿಹೋದ ಅಣ್ಣ, ಅವರ ಪತ್ನಿ ಮತ್ತು ಮಕ್ಕಳು, ಎಲ್ಲರ ಹೆಸರೂ ಇರಲಿ.

ಅದರ ಮೇಲೆ ತೋಟಕ್ಕೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಪಹಣಿಯ 9ನೇ ಕಾಲಂನಲ್ಲಿ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ. 11ನೇ ಕಾಲಂನಲ್ಲಿ ಹಳೆಯ ಸೊಸೈಟಿ ಸಾಲ, ಬ್ಯಾಂಕಿನ ಭೋಜಾ ಏನಾದರೂ ಉಳಿದಿದೆಯೇ ಎಂದು ಆಗಲೇ ನೋಡಿಕೊಳ್ಳಿ. ಎಂದೋ ತೀರಿಸಿದ ಬೆಳೆಸಾಲ ಪಹಣಿಯಲ್ಲಿ ಹಾಗೆಯೇ ಕೂತಿರುವುದು ಸಾಮಾನ್ಯ. ತೋಟವನ್ನು ಮುಂದೆ ಭಾಗ ಮಾಡುವುದಾದರೆ ಅಥವಾ ಅದರಲ್ಲಿ ಒಂದಷ್ಟನ್ನು ಮಾತ್ರ ಮಾರುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕೇ ಬೇಕು, ಅದಿಲ್ಲದೆ ಸರ್ವೆ ನಂಬರಿನ ಭಾಗವೊಂದು ನೋಂದಣಿಯಾಗುವುದಿಲ್ಲ. ಮನೆಗೆ ನಗರಸಭೆಯಲ್ಲಿ ವಾರಸಾ ಖಾತೆ ಮಾಡಿಸಿ, ಇ-ಖಾತೆ ಪಡೆಯಬೇಕು. ಮನೆಯ ಮೇಲಿನ ಸಾಲ, ಕ್ರಯಗಳ ನೋಂದಣಿ ವಿವರವಿರುವ ಋಣಭಾರ ಪತ್ರವನ್ನು (ಇ.ಸಿ.) 1984ರಿಂದ ಇಂದಿನವರೆಗೆ ತೆಗೆಸಿ.

ಇಷ್ಟೆಲ್ಲ ಆದರೂ ಒಂದು ಮಾತು ನೆನಪಿರಲಿ. ಖಾತೆ ಹಕ್ಕು ಕೊಡುವುದಿಲ್ಲ. ಒಬ್ಬರ ಹೆಸರಿಗೆ ಖಾತೆ ಇದ್ದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ.

ಊರಲ್ಲೇ ಉಳಿದವ

ಕಾನೂನು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮಾತನ್ನು ಇಲ್ಲಿ ಯಾರೂ ಎತ್ತಿಲ್ಲ. ಉಳಿದವರು ಓದಿಕೊಂಡು ಊರು ಬಿಟ್ಟ ಮೇಲೆ ತೋಟಕ್ಕೆ ನೀರು ಹಾಯಿಸಿದವರು, ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಸಾಲ ಮಾಡಿ ಇನ್ನೊಂದು ಕೊರೆಸಿದವರು, ನುಸಿರೋಗ ಬಂದ ಮರಗಳನ್ನು ಉಳಿಸಿಕೊಂಡವರು, ಕೊಬ್ಬರಿಗೆ ಬೆಲೆ ಬಿದ್ದ ವರ್ಷ ಬಡ್ಡಿ ಕಟ್ಟಿದವರು, ತಂದೆತಾಯಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು? ಪ್ರಶ್ನೆ ಕೇಳಿದವರ ಮನೆಯಲ್ಲಿ ಅದು ಅವರ ಅಣ್ಣ ಮತ್ತು ಅತ್ತಿಗೆ. ಮೇಲಿನ ಲೆಕ್ಕದಲ್ಲಿ ಆ ಅತ್ತಿಗೆಗೆ ಮನೆಯ ಇಪ್ಪತ್ತರಲ್ಲಿ ಒಂದು ಪಾಲು. ಮಕ್ಕಳದ್ದನ್ನು ಸೇರಿಸಿದರೂ ಮೂರು. ನಾನೂ ಹೀಗೆ ಊರಿನಲ್ಲಿ ಉಳಿದ ಮಗನಾದ್ದರಿಂದ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ದುಡಿದವರ ದುಡಿಮೆಗೆ ಯಾವ ಕಲಮಿನಲ್ಲಿ ಪಾಲಿದೆ?

ತವರಿನ ದಾರಿ

ಊರಲ್ಲೇ ಉಳಿದವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ದುಡಿಮೆಯ ಬೆಲೆಯನ್ನು ಪ್ರತಿ ಸಲವೂ ಹೆಣ್ಣುಮಕ್ಕಳ ಪಾಲಿನಿಂದಲೇ ಏಕೆ ಕೊಡಬೇಕು ಎಂದು ಕೇಳಬೇಕಾಗಿದೆ.

ನನ್ನ ತವರಿನಲ್ಲಿ ಜಮೀನು ಮಾರಿದಾಗ ನನ್ನನ್ನೂ ನನ್ನ ತಂಗಿಯನ್ನೂ ಹಬ್ಬಕ್ಕೆಂದು ಕರೆಸಿಕೊಂಡರು. ಮರುದಿನ ಬೆಳಿಗ್ಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಹಣ ಮತ್ತು ಸೀರೆ ಕೊಟ್ಟರು. ಪತ್ರದಲ್ಲಿ ಏನು ಬರೆದಿದೆ ಎಂದು ಯಾರೂ ಓದಿ ಹೇಳಲಿಲ್ಲ. ಕೇಳಿದ್ದರೆ ತವರಿನ ಬಾಗಿಲು ಮುಚ್ಚಿಹೋಗುತ್ತದೆಂಬ ಭಯ ನಮ್ಮಿಬ್ಬರಿಗೂ ಇತ್ತು, ಮತ್ತು ಆ ಭಯವಿದೆ ಎಂಬುದು ಕರೆದುಕೊಂಡು ಹೋದವರಿಗೂ ಗೊತ್ತಿತ್ತು. ಎಷ್ಟಕ್ಕೆ ಮಾರಿದರು ಎಂಬುದು ನಮಗೆ ಬೇರೆಯವರಿಂದ ತಿಳಿಯಿತು. ನಾವು ದಾವೆ ಹೂಡಲಿಲ್ಲ, ಹೂಡುವುದೂ ಇಲ್ಲ. ಆದರೆ ಅಣ್ಣಂದಿರ ಜೊತೆಗಿನ ಮಾತು ಅಲ್ಲಿಂದಾಚೆಗೆ ಮೊದಲಿನಂತಿಲ್ಲ.

ತಮ್ಮ ಅಕ್ಕ ಪಾಲು ಬೇಡ ಎನ್ನಬಹುದು. ಎಷ್ಟೋ ಹೆಣ್ಣುಮಕ್ಕಳು ಮನಸಾರೆ ಬೇಡ ಎನ್ನುತ್ತಾರೆ. ಆದರೆ ಮನೆಯ ಬೆಲೆ ಇಷ್ಟು, ನಿಮ್ಮ ಪಾಲಿಗೆ ಇಷ್ಟು ಬರುತ್ತದೆ ಎಂದು ಮೊದಲು ಹೇಳಿ, ಅವರು ಯೋಚಿಸಲು ಸಮಯ ಕೊಟ್ಟು, ಆಮೇಲೆ ಬೇಡ ಎನ್ನುವುದನ್ನು ಕೇಳಿ.

ಮೈಸೂರಿನ ವಕೀಲೆ

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ವಾರಸಿನ ಕಾನೂನು ಯಾರು ಎಷ್ಟು ದುಡಿದರು ಎಂದು ನೋಡುವುದಿಲ್ಲ. ಆದರೆ ಎಲ್ಲ ವಾರಸುದಾರರೂ ಕೂತು ತಮ್ಮೊಳಗೆ ಕೌಟುಂಬಿಕ ಒಪ್ಪಂದ ಮಾಡಿಕೊಳ್ಳುವುದನ್ನು ನ್ಯಾಯಾಲಯಗಳು ಹಿಂದಿನಿಂದಲೂ ಗೌರವಿಸಿವೆ. ಅಂಥ ಒಪ್ಪಂದದಲ್ಲಿ ಪಾಲುಗಳು ಕಾನೂನಿನ ಲೆಕ್ಕಕ್ಕೆ ಸರಿಸಮ ಇರಲೇಬೇಕೆಂದಿಲ್ಲ. ಅತ್ತಿಗೆಯವರಿಗೆ ಕೊಳವೆಬಾವಿಯ ಸಾಲವನ್ನೂ ಆಸ್ಪತ್ರೆಯ ಖರ್ಚನ್ನೂ ಮೊದಲು ತೀರಿಸಿ ಉಳಿದದ್ದನ್ನು ಹಂಚಿಕೊಳ್ಳಬಹುದು, ಅಥವಾ ತೋಟವನ್ನು ಅವರಿಗೇ ಬಿಟ್ಟುಕೊಡಬಹುದು. ಆದರೆ ಕೊಡುವವರಿಗೆ ತಾವು ಏನನ್ನು ಬಿಡುತ್ತಿದ್ದೇವೆ ಎಂಬುದು ತಿಳಿದಿರಬೇಕು. ವಿಭಾಗ ಪತ್ರವೂ ಹಕ್ಕು ಬಿಡುಗಡೆ ಪತ್ರವೂ ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲೆ ಪಂಚರ ಮುಂದೆ ಬರೆದಿಟ್ಟ ಪಾಲುಪಟ್ಟಿಯನ್ನು ನಂಬಿ ಕುಳಿತುಕೊಳ್ಳಬೇಡಿ.

ಇನ್ನೊಂದು ವಿಷಯ. ವಾರಸಿನಿಂದ ಬಂದ ಪಾಲನ್ನು ಒಬ್ಬರು ಮಾರಲು ಹೊರಟರೆ, ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ಸಹ ವಾರಸುದಾರರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲಿದೆ, ಮತ್ತು ಅದು ಕೃಷಿ ಜಮೀನಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ತೋಟವನ್ನು ಹೊರಗಿನವರಿಗೆ ಕೊಡುವ ಮೊದಲು ಅತ್ತಿಗೆಯವರನ್ನು ಕೇಳುವುದು ಕಾನೂನಿಗೂ ಒಪ್ಪುವ ಮಾತು.

ತೆಂಗಿನ ತೋಟ

ಎಲ್ಲರಿಗೂ ಕೃತಜ್ಞತೆಗಳು. ಊರಲ್ಲೇ ಉಳಿದವರ ಮಾತನ್ನು ಓದಿದ ಮೇಲೆ ಅತ್ತಿಗೆಯವರೊಂದಿಗೆ ಮಾತನಾಡಿದೆ. ತೋಟ ಮಾರುವುದು ಅವರಿಗೆ ಇಷ್ಟವಿಲ್ಲ. ಇದುವರೆಗೆ ಯಾರೂ ಕೇಳದಿದ್ದುದರಿಂದ ಹೇಳಿರಲಿಲ್ಲ ಎಂದರು. ಆದ್ದರಿಂದ ತೋಟವನ್ನು ಮಾತುಕತೆಯಿಂದ ಹೊರಗಿಟ್ಟಿದ್ದೇವೆ. ಮನೆಯ ವಿಷಯದಲ್ಲಿ ಇನ್ನೂ ಮೂರು ತೊಡಕುಗಳಿವೆ. ಅಣ್ಣನ ಮಗ ಅಪ್ರಾಪ್ತ. ತಂಗಿಗೆ ಈ ವರ್ಷ ಬರಲು ಆಗುವುದಿಲ್ಲ. ಕೊಳ್ಳುವವರು ಬೆಲೆಯ ಒಂದು ಭಾಗವನ್ನು ನಗದಾಗಿ ಕೊಟ್ಟು, ಕ್ರಯಪತ್ರದಲ್ಲಿ ಮಾರ್ಗಸೂಚಿ ದರವನ್ನಷ್ಟೇ (ನೋಂದಣಿಗೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ) ತೋರಿಸೋಣ ಎನ್ನುತ್ತಿದ್ದಾರೆ.

ಮೈಸೂರಿನ ವಕೀಲೆ

ಅಪ್ರಾಪ್ತನ ವಿಷಯವನ್ನು ಮೊದಲು ಹೇಳುತ್ತೇನೆ. ತಂದೆಯಿಂದ ಅವನಿಗೆ ಬಂದಿರುವ ಮನೆಯ ಪಾಲನ್ನು ತಾಯಿ ಸ್ವಾಭಾವಿಕ ಪಾಲಕಿಯಾಗಿದ್ದರೂ ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಅನುಮತಿಯಿಲ್ಲದೆ ಮಾರಿದರೆ ಹುಡುಗ ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಕ್ರಯವನ್ನು ರದ್ದುಪಡಿಸುವಂತೆ ಕೇಳಬಹುದು. ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಮಾರಾಟದಿಂದ ಮಗುವಿಗೆ ಆಗುವ ಪ್ರಯೋಜನವನ್ನು ತೋರಿಸಬೇಕು. ಅವನ ಪಾಲಿನ ಹಣವನ್ನು ಅವನ ಹೆಸರಿನಲ್ಲಿಯೇ ಠೇವಣಿ ಇಡಲು ನ್ಯಾಯಾಲಯ ಸಾಮಾನ್ಯವಾಗಿ ನಿರ್ದೇಶಿಸುತ್ತದೆ. ಸಮಯ ಹಿಡಿಯುತ್ತದೆ. ಹತ್ತೊಂಬತ್ತರ ಮಗಳು ತಾನೇ ಸಹಿ ಹಾಕಬೇಕು, ಅವಳ ಪರವಾಗಿ ತಾಯಿ ಹಾಕುವಂತಿಲ್ಲ.

ಡಲ್ಲಾಸ್ ವಾಸಿ

ತಮ್ಮ ತಂಗಿಯವರ ಸ್ಥಿತಿಯಲ್ಲಿ ನಾನೂ ಇದ್ದವನು. ಬರಲಾಗದಿದ್ದರೆ ಅವರು ತಮಗೆ ಅಧಿಕಾರ ಪತ್ರ ಕೊಡಬಹುದು. ಸಾಮಾನ್ಯ ಅಧಿಕಾರ ಪತ್ರದ ಬದಲು, ಈ ಒಂದು ಮನೆಯ ಈ ಒಂದು ಮಾರಾಟಕ್ಕೆ ಸೀಮಿತವಾದ ವಿಶೇಷ ಅಧಿಕಾರ ಪತ್ರ ಮಾಡಿಸಿ. ಕೊಡುವವರಿಗೂ ಪಡೆಯುವವರಿಗೂ ಅದು ನೆಮ್ಮದಿ. ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣವಾಗಲಿ, ಅಥವಾ ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿ ಅಪೊಸ್ಟಿಲ್ (ಬೇರೆ ದೇಶದಲ್ಲಿ ಮಾನ್ಯವಾಗುವಂತೆ ಅಲ್ಲಿನ ಸರ್ಕಾರ ಹಾಕುವ ದೃಢೀಕರಣ) ಮಾಡಿಸಲಿ. ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಇದನ್ನು ಮರೆತವರು ಬಹಳ.

ಅಮೆರಿಕದ ಪೌರರಾದರೂ ವಾರಸಿನಿಂದ ಬಂದ ಕೃಷಿ ಜಮೀನನ್ನು ಅವರು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯ ಪೌರರಿಗೆ ಮಾತ್ರ ಮಾರಬಹುದು. ಹೊಸದಾಗಿ ಕೃಷಿ ಜಮೀನು ಕೊಳ್ಳಲು ಅವರಿಗೆ ಅವಕಾಶವಿಲ್ಲ. ಮನೆಯ ಹಣ, ವಿದೇಶವಾಸಿಗಳ ಭಾರತದ ಆದಾಯಕ್ಕೆಂದು ಇಲ್ಲಿನ ಬ್ಯಾಂಕಿನಲ್ಲಿ ತೆರೆಯುವ ಅವರ ಎನ್‌ಆರ್‌ಒ ಖಾತೆಗೆ ಬರಲಿ. ಅಲ್ಲಿಂದ ತೆರಿಗೆ ಕಟ್ಟಿದ ದಾಖಲೆಯೊಂದಿಗೆ ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು.

ಲೆಕ್ಕ ಪರಿಶೋಧಕ

ನಗದಿನ ಮಾತನ್ನು ಅಲ್ಲಿಗೇ ನಿಲ್ಲಿಸಿ. ಸ್ಥಿರಾಸ್ತಿಯ ಮಾರಾಟದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುತ್ತೀರಿ. ಅದಕ್ಕಿಂತ ಮುಖ್ಯವಾಗಿ, ಏಳು ಜನ ವಾರಸುದಾರರಿರುವ ಕಡೆ ನಗದು ಯಾರ ಕೈಗೆ ಎಷ್ಟು ಹೋಯಿತೆಂಬ ಅನುಮಾನ ಮುಂದೆ ಎಂದಿಗೂ ಹೋಗುವುದಿಲ್ಲ. ಪ್ರತಿಯೊಬ್ಬರ ಪಾಲೂ ಅವರವರ ಬ್ಯಾಂಕ್ ಖಾತೆಗೆ ನೇರವಾಗಿ ಬರಲಿ, ಆ ವಿವರ ಕ್ರಯಪತ್ರದಲ್ಲಿಯೇ ಇರಲಿ.

ವಾರಸಿನಿಂದ ಆಸ್ತಿ ಬಂದದ್ದಕ್ಕೆ ನಮ್ಮ ದೇಶದಲ್ಲಿ ಈಗ ತೆರಿಗೆಯಿಲ್ಲ. ಎಸ್ಟೇಟ್ ಸುಂಕ 1985ರಲ್ಲಿಯೇ ರದ್ದಾಯಿತು. ಮಾರಿದಾಗ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇದೆ, ಅದನ್ನು ಪ್ರತಿಯೊಬ್ಬರೂ ತಮ್ಮ ಪಾಲಿಗೆ ತಾವೇ ಕಟ್ಟಬೇಕು. ತಂದೆಯವರು ಕೊಟ್ಟ ಬೆಲೆಯೇ ತಮ್ಮ ಅಸಲು ಎಂದು ಲೆಕ್ಕ. 2001ಕ್ಕಿಂತ ಹಿಂದಿನ ಆಸ್ತಿಯಾದ್ದರಿಂದ 1 ಏಪ್ರಿಲ್ 2001ರಂದು ಅದಕ್ಕಿದ್ದ ಬೆಲೆಯನ್ನು ಅಸಲಾಗಿ ತೆಗೆದುಕೊಳ್ಳಬಹುದು. ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿಕೊಳ್ಳಿ. 23 ಜುಲೈ 2024ರ ನಂತರದ ಮಾರಾಟಕ್ಕೆ ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ. 12.5ರ ದರವಿದೆ. ಆ ದಿನಕ್ಕಿಂತ ಮೊದಲೇ ಬಂದ ಆಸ್ತಿಯಾದ್ದರಿಂದ, ಇಲ್ಲಿ ವಾಸವಿರುವವರಿಗೆ ಹೊಂದಾಣಿಕೆ ಮಾಡಿ ಶೇ. 20ರಂತೆ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟುವ ಅವಕಾಶವೂ ಇದೆ. ತಂಗಿಯವರಿಗೆ ಈ ಆಯ್ಕೆ ಇಲ್ಲ. ಅಷ್ಟೇ ಅಲ್ಲ, ಅವರ ಪಾಲಿನ ಹಣದಿಂದ ಕೊಳ್ಳುವವರು ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ಳಬೇಕಾಗುತ್ತದೆ. ಕಡಿಮೆ ಮುರಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಬೇಕಾದರೆ ಕ್ರಯಕ್ಕೆ ಮೊದಲೇ ಅರ್ಜಿ ಹಾಕಬೇಕು.

ತಮ್ಮ ತಾಯಿಯವರು ಮತ್ತು ಅತ್ತಿಗೆಯವರು ಬಂದ ಲಾಭದಿಂದ ಎರಡು ವರ್ಷದೊಳಗೆ ಬೇರೆ ವಾಸದ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಆ ಮಟ್ಟಿಗೆ ತೆರಿಗೆ ವಿನಾಯಿತಿ ಇದೆ. ಮುಂದೆಂದಾದರೂ ತೋಟದ ಮಾತು ಬಂದರೆ, ತಿಪಟೂರಿನಷ್ಟು ಜನಸಂಖ್ಯೆಯ ಪಟ್ಟಣದ ಗಡಿಯಿಂದ ಎರಡು ಕಿಲೋಮೀಟರಿಗಿಂತ ಆಚೆಗಿರುವ ಕೃಷಿ ಜಮೀನು ಈ ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲ.

ತೆಂಗಿನ ತೋಟ

ಕಳೆದ ಭಾನುವಾರ ಎಲ್ಲರೂ ತಿಪಟೂರಿನ ಮನೆಯಲ್ಲಿ ಸೇರಿದ್ದೆವು, ತಂಗಿ ವಿಡಿಯೊ ಕರೆಯಲ್ಲಿದ್ದಳು. ಇಲ್ಲಿ ಬರೆದ ಪಾಲಿನ ಲೆಕ್ಕವನ್ನು, ಕೊಳ್ಳುವವರು ಹೇಳಿದ ಬೆಲೆಯನ್ನು ತಾಯಿಯವರ ಎದುರಿನಲ್ಲಿಯೇ ಅಕ್ಕನಿಗೆ ಓದಿ ಹೇಳಿದೆ. ಮನೆಯ ಪಾಲಿನ ಹಣವನ್ನು ತೆಗೆದುಕೊಳ್ಳುತ್ತೇನೆ, ತೋಟದಲ್ಲಿ ಹಣ ಬೇಡ, ಆದರೆ ಪಹಣಿಯಲ್ಲಿ ನನ್ನ ಹೆಸರಿರಲಿ ಎಂದರು. ಚಿಕ್ಕಪ್ಪನವರು ಮರುಮಾತನಾಡಲಿಲ್ಲ. ತೋಟದ ಪೌತಿ ಖಾತೆಗೆ ಎಲ್ಲರ ಹೆಸರಿನಲ್ಲಿ ಅರ್ಜಿ ಕೊಡುತ್ತಿದ್ದೇವೆ; ಸಾಗುವಳಿ ಮತ್ತು ಫಸಲು ಅತ್ತಿಗೆಯವರದ್ದು ಎಂದು ಎಲ್ಲರೂ ಒಪ್ಪಿದ್ದೇವೆ. ಕೊಳವೆಬಾವಿಯ ಸಾಲದಲ್ಲಿ ಉಳಿದಿರುವುದನ್ನು ನಾನು ಮತ್ತು ತಂಗಿ ನಮ್ಮ ಪಾಲಿನಿಂದ ತೀರಿಸುತ್ತೇವೆ. ತಾಯಿ, ಅತ್ತಿಗೆ ಮತ್ತು ಮಕ್ಕಳ ಪಾಲು ಸೇರಿದರೆ ಮನೆಯ ಬೆಲೆಯ ಐದರಲ್ಲಿ ಎರಡು ಭಾಗವಾಗುತ್ತದೆ. ಹುಡುಗನ ಪಾಲನ್ನು ಬಿಟ್ಟು ಉಳಿದ ಹಣದಲ್ಲಿ ಅದೇ ಊರಿನಲ್ಲಿ ಚಿಕ್ಕದೊಂದು ಮನೆ ನೋಡುತ್ತಿದ್ದೇವೆ. ಕೊಳ್ಳುವವರಿಗೆ ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಬರಬೇಕೆಂದು ಹೇಳಿದ್ದೇನೆ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.

ಮೈಸೂರಿನ ವಕೀಲೆ

ಹೊಸ ಮನೆಯ ಕ್ರಯಪತ್ರದಲ್ಲಿ ತಾಯಿಯವರ ಹೆಸರು ಅವರು ಹಾಕುವ ಹಣಕ್ಕೆ ತಕ್ಕ ಪಾಲಿನೊಂದಿಗೆ ಇರುವಂತೆ ನೋಡಿಕೊಳ್ಳಿ. ವಯಸ್ಸಾದವರ ಹಣ ಹಾಕಿ ಕಿರಿಯರ ಹೆಸರಿಗೆ ಮಾತ್ರ ಮಾಡಿಸುವುದು ಬೇಡ. ತಮ್ಮ ಪಾಲು ಮುಂದೆ ಇಂಥವರಿಗೇ ಹೋಗಬೇಕೆಂದು ತಾಯಿಯವರು ಬಯಸಿದರೆ, ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆಯಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು.

ಕೊಳ್ಳುವವರು ಒಪ್ಪಿ ಬಂದರೆ ಮಾರಾಟದ ಕರಾರಿನಲ್ಲಿ, ಅಪ್ರಾಪ್ತನ ಪಾಲಿಗೆ ನ್ಯಾಯಾಲಯದ ಅನುಮತಿ ದೊರೆತ ನಂತರವೇ ಕ್ರಯಪತ್ರವಾಗುತ್ತದೆ, ಅಲ್ಲಿಯವರೆಗೆ ಮನೆಯ ಸ್ವಾಧೀನ ಬಿಟ್ಟುಕೊಡುವುದಿಲ್ಲ, ಅನುಮತಿ ಸಿಗದಿದ್ದರೆ ಮುಂಗಡವನ್ನು ಹಿಂದಿರುಗಿಸಲಾಗುತ್ತದೆ ಎಂಬ ಮೂರು ಷರತ್ತುಗಳನ್ನು ಬರೆಸಿ. ಕರಾರಿಗೆ ಅಕ್ಕನವರ ಸಹಿಯೂ ಅಣ್ಣನ ಮಗಳ ಸಹಿಯೂ ಮೊದಲ ದಿನವೇ ಬೀಳಲಿ.

ತೆಂಗಿನ ತೋಟ

ಹಾಗೆಯೇ ಬರೆಸುತ್ತೇನೆ. ವಂಶವೃಕ್ಷದ ಅರ್ಜಿಯನ್ನು ನಾಳೆ ನಾಡಕಚೇರಿಯಲ್ಲಿ ಕೊಡುತ್ತಿದ್ದೇವೆ, ಅಕ್ಕನೂ ಬರುತ್ತಿದ್ದಾರೆ.